ಕಾಡಸಿದ್ದಪ್ಪನ ಕಣಿವೆ ದಾರಿ

ಕಾಡಸಿದ್ದಪ್ಪನಿಗೆ ಲಾರಿ ಕಂಡರೆ ಆಗುತ್ತಿರಲಿಲ್ಲ. ವಯಸ್ಸಿನಲ್ಲಿದ್ದಾಗ ಕಿಬ್ಬನಹಳ್ಳಿ ಕ್ರಾಸಿನ ಹತ್ತಿರ ಹಿಂದಿನಿಂದ ಬಂದ ಲಾರಿಯವನು ಹಾರ್ನ್ ಹೊಡೆದ ರಭಸಕ್ಕೆ ಸೈಕಲ್ ಸಮೇತ ಚರಂಡಿಗೆ ಬಿದ್ದಿದ್ದನಂತೆ. ಅಂಗಡಿ ಮುಂದೆ ಕೂತಿದ್ದವರೆಲ್ಲ ನಕ್ಕರು. ಬೇರೆ ಯಾರಾದರೂ ಆಗಿದ್ದರೆ ಸೈಕಲ್ ಬಿಡುತ್ತಿದ್ದರು. ಇವನು ಟಾರು ರಸ್ತೆ ಬಿಟ್ಟ. ತಿಪಟೂರಿಗೆ ಕೊಬ್ಬರಿ ಹಾಕಲು ಹೋಗಲೇಬೇಕಾದಾಗ ಬಸ್ಸು ಹತ್ತುತ್ತಿದ್ದ, ಅದೂ ಕಣ್ಣು ಮುಚ್ಚಿಕೊಂಡು.

ನಮ್ಮದು ಕೆಂಕೆರೆಯಿಂದ ಆಚೆ, ಬೆಟ್ಟಸಾಲಿನ ಬುಡದ ಹಳ್ಳಿ. ಹದಿನಾಲ್ಕು ವರ್ಷ ನಾನು ಅಲ್ಲಿನ ಪ್ರೈಮರಿ ಶಾಲೆಗೆ ಮೇಷ್ಟ್ರು. ಊರ ಹಿಂದೆ ಎರಡು ಸಾಲು ಬೆಟ್ಟ, ನಡುವೆ ಒಂದು ಹೊಳೆ. ನಾಲ್ಕು ತಿಂಗಳು ನೀರು, ಎಂಟು ತಿಂಗಳು ಮರಳು. ಹೊಳೆಯ ಪಕ್ಕದಲ್ಲಿ ಹಳೇ ಗಾಡಿ ಜಾಡು ಇತ್ತು. ಬಸ್ಸು ಬಂದ ಮೇಲೆ ಗಾಡಿಗಳು ಆ ಕಡೆ ಹೋಗುವುದನ್ನು ಬಿಟ್ಟವು. ಕುರಿಯವರು ಬಿಟ್ಟರೆ ಅಲ್ಲಿ ನರಪಿಳ್ಳೆ ಇರುತ್ತಿರಲಿಲ್ಲ. ಆ ದಾರಿ ಕಾಡಸಿದ್ದಪ್ಪನದಾಯಿತು. ಎಲ್ಲಿ ಮರಳಿನ ಕೆಳಗೆ ಬಂಡೆ ಇದೆ, ಎಲ್ಲಿ ಚಕ್ರ ಹೂತುಹೋಗುತ್ತದೆ, ಯಾವ ಏರಿನಲ್ಲಿ ಇಳಿದು ತಳ್ಳಬೇಕು, ಎಲ್ಲ ಅವನಿಗೆ ಬಾಯಿಪಾಠ. ನನ್ನ ಹುಡುಗರಿಗೆ ಮಗ್ಗಿಯೂ ಅಷ್ಟು ಚೆನ್ನಾಗಿ ಬರುತ್ತಿರಲಿಲ್ಲ.

ವರ್ಷಾ ವರ್ಷ ರಾಗಿ ಒಕ್ಕಣೆ ಮುಗಿದ ಮೇಲೆ ನಾವಿಬ್ಬರೂ ನಾಲ್ಕು ದಿನ ಕಣಿವೆಯಲ್ಲೂ ಅದರ ಆಚೀಚೆಯ ಹಳ್ಳಿಗಳಲ್ಲೂ ಸೈಕಲ್ ತುಳಿಯುತ್ತಿದ್ದೆವು. ಕ್ಯಾರಿಯರ್‌ಗೆ ಕಂಬಳಿ, ರೊಟ್ಟಿ ಗಂಟು, ಬೆಲ್ಲ, ಕೊಬ್ಬರಿ. ಯಾವುದಾದರೂ ಗುಡಿಯ ಜಗಲಿಯಲ್ಲಿ ಮಲಗುವುದು. ಹೋದ ಕಡೆಯಲ್ಲೆಲ್ಲ ಒಂದೇ ಪ್ರಶ್ನೆ, ಯಾರ ಮನೆಗೆ ಬಂದ್ರಿ? ಸುಮ್ಮನೆ ಬಂದೆವು ಎಂದರೆ ಯಾರೂ ನಂಬುತ್ತಿರಲಿಲ್ಲ. ಕೆಲಸವಿಲ್ಲದೆ ಇಬ್ಬರು ಗಂಡಸರು ಸೈಕಲ್ ತುಳಿಯುವುದುಂಟೇ? ಕೊನೆಗೆ ಕಾಡಸಿದ್ದಪ್ಪ, ನಮ್ಮ ಎಮ್ಮೆ ಕಳೆದುಹೋಗೈತೆ ಎಂದು ಹೇಳತೊಡಗಿದ. ಎರಡು ವರ್ಷ ಆ ಹಳ್ಳಿಗಳ ಜನ ಇಲ್ಲದ ಎಮ್ಮೆಯನ್ನು ಮರುಕಪಟ್ಟು ಹುಡುಕಿದರು. ಪಾಪ ಎನ್ನಿಸಿ ಆಮೇಲೆ ಎಮ್ಮೆ ಸಿಕ್ಕಿತು ಎಂದುಬಿಟ್ಟೆವು.

ಅವನಿಗಿದ್ದದ್ದು ಒಬ್ಬಳೇ ಮಗಳು, ಶಿವರುದ್ರಮ್ಮ. ನನ್ನ ಕೈಯಲ್ಲಿ ಏಳನೇ ಕ್ಲಾಸು ಪಾಸಾದವರಲ್ಲಿ ಅಂಥ ಚುರುಕು ಇನ್ನೊಂದಿರಲಿಲ್ಲ. ಹೈಸ್ಕೂಲು ಇದ್ದದ್ದು ಕಣಿವೆಯ ಆ ತುದಿಯ ಊರಿನಲ್ಲಿ, ಆರು ಮೈಲಿ. ಬಸ್ಸು ಹುಳಿಯಾರು ಸುತ್ತಿ ಹೋಗುತ್ತಿತ್ತು, ಅದು ತಲುಪುವ ಹೊತ್ತಿಗೆ ಎರಡು ಪಿರಿಯಡ್ ಮುಗಿದಿರುತ್ತಿತ್ತು. ಕಾಡಸಿದ್ದಪ್ಪ ಒಂದು ಹಳೇ ಲೇಡೀಸ್ ಸೈಕಲ್ ತಂದ. ಬೇಸಿಗೆ ರಜೆಯಲ್ಲಿ ಅದೇ ಜಾಡಿನಲ್ಲಿ ಮಗಳ ಹಿಂದೆ ಓಡಿ ಓಡಿ ಸೈಕಲ್ ಕಲಿಸಿದ. ಅವನ ಹೆಂಡತಿ ದ್ರಾಕ್ಷಾಯಣಮ್ಮ ಒಪ್ಪಿದ್ದೇ ದೊಡ್ಡ ಮಾತು. ಒಪ್ಪುವಾಗ ಕಡ್ಡಿ ತುಂಡು ಮಾಡಿದ ಹಾಗೆ ಹೇಳಿದ್ದಳು.

"ಆ ದಾರೀಲಿ ಮೋಟಾರು ಇಲ್ಲ ಅಂತ ಕಳಿಸ್ತಿದೀನಿ. ಮೋಟಾರು ಬಂದ ದಿನ ಸ್ಕೂಲು ಬಂದ್."

"ಅಲ್ಲಿಗೆ ಮೋಟಾರು ಯಾಕೆ ಬತ್ತದೆ ಕಣೇ, ದಾರಿ ತಪ್ಪಿ ಬತ್ತದಾ?" ಎಂದು ಅವನು ನಕ್ಕಿದ್ದ.

ಎಪ್ಪತ್ತೇಳನೇ ಇಸವಿ. ಹುಡುಗಿ ಒಂಬತ್ತನೇ ಕ್ಲಾಸು. ಒಂದು ಬೆಳಿಗ್ಗೆ ಕೆರೆ ಏರಿಯ ಮೇಲೆ ಪ್ಯಾಂಟು ಹಾಕಿಕೊಂಡ ಒಬ್ಬರು ಸೈಕಲ್ ನಿಲ್ಲಿಸಿಕೊಂಡು, ಕಣಿವೆಗೆ ದಾರಿ ಯಾವುದು ಎಂದು ಕೇಳಿದರು. ಹೆಸರು ಶ್ರೀರಂಗಯ್ಯ. ಮೆದು ಮಾತಿನ ಮನುಷ್ಯ. ನಮ್ಮ ಕಡೆ ದಾರಿ ಕೇಳಿದವರಿಗೆ ಕೈ ತೋರಿಸಿ ಕಳಿಸುವುದಿಲ್ಲ. ಮನೆಗೆ ಕರೆದು, ಎಳನೀರು ಕೊಟ್ಟು, ಜೊತೆಗೆ ಹೋಗಿ ಮುಟ್ಟಿಸಿ ಬರುವುದೇ ರೂಢಿ. ಅದರಲ್ಲೂ ಕಾಡಸಿದ್ದಪ್ಪನಿಗೆ ಹಬ್ಬ ಬಂದ ಹಾಗಾಯಿತು. ಎಮ್ಮೆಯ ಕಥೆ ಹೇಳದೆ ಹೊರಗಿನವರೊಬ್ಬರ ಹತ್ತಿರ ಆ ದಾರಿಯ ವಿಷಯ ಮಾತಾಡಬಹುದಾದದ್ದು ಅವನ ಜೀವಮಾನದಲ್ಲೇ ಮೊದಲು.

ಎರಡು ದಿನ ಮೂವರೂ ಸುತ್ತಿದೆವು. ಶ್ರೀರಂಗಯ್ಯ ಅಲ್ಲಲ್ಲಿ ನಿಂತು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದರು, ಕಲ್ಲಿನ ಮೇಲೆ ಕೆಂಪು ಬಣ್ಣದ ಗುರುತು ಹಾಕುತ್ತಿದ್ದರು. ಯಾಕೆ ಎಂದು ನಾವು ಕೇಳಲಿಲ್ಲ. ಊಟಕ್ಕೆ ಕೂತವರನ್ನು ನೀವು ಯಾಕೆ ಬಂದಿರಿ ಎಂದು ಕೇಳುವುದು ಮರ್ಯಾದೆಯಲ್ಲ. ಬೇರೆ ಸೈಕಲ್‌ನವರಿಗೆ ದಾರಿ ತಪ್ಪದಿರಲಿ ಎಂದು ಗುರುತು ಮಾಡುತ್ತಿದ್ದಾರೆ ಅಂತ ಕಾಡಸಿದ್ದಪ್ಪ ತಾನೇ ಅರ್ಥ ಮಾಡಿಕೊಂಡು, ಬಣ್ಣದ ಡಬ್ಬ ತನ್ನ ಹ್ಯಾಂಡಲ್‌ಗೆ ನೇತುಹಾಕಿಕೊಂಡ. ಅಳತೆ ಟೇಪಿನ ಒಂದು ತುದಿ ಹಿಡಿದವನು ನಾನು. ಓದು ಬರಹ ಬಲ್ಲ ಮೇಷ್ಟ್ರು, ಟೇಪು ಹಿಡಿದುಕೊಂಡು ನಿಂತಿದ್ದೆ. ಈಗಲೂ ನನ್ನ ಮೇಲೆ ನನಗೆ ಕೋಪ ಬರುತ್ತದೆ.

"ಮಳೆಗಾಲದಲ್ಲಿ ಇಲ್ಲಿ ನೆಲ ಕುಸಿಯುತ್ತಾ?" ಎಂದು ಶ್ರೀರಂಗಯ್ಯ ಕೇಳಿದರು.

"ಏನು ಮಾತು ಅಂತ ಆಡ್ತೀರಿ ಸ್ವಾಮಿ," ಎಂದ ಕಾಡಸಿದ್ದಪ್ಪ, ಹೆಣ್ಣು ತೋರಿಸುವ ಅಪ್ಪನ ಹಾಗೆ. "ಕೆಳಗೆ ಪೂರಾ ಬಂಡೆ ಐತೆ. ಲಾರಿ ಹೋದ್ರೂ ಅಲ್ಲಾಡಲ್ಲ."

ಶ್ರೀರಂಗಯ್ಯ ಅದನ್ನೂ ಬರೆದುಕೊಂಡರು.

ಯುಗಾದಿ ಕಳೆದು ತಿಂಗಳಾಗಿರಲಿಲ್ಲ, ಬೆಟ್ಟದಲ್ಲಿ ಅದಿರು ತೆಗೆಯುವ ಕಂಪನಿ ಬಂತು. ಅದಿರು ತುಂಬಿದ ಲಾರಿಗಳು ನಮ್ಮ ಜಾಡಿನಲ್ಲೇ ಇಳಿದವು. ಕೆಂಪು ಗುರುತಿನಿಂದ ಕೆಂಪು ಗುರುತಿಗೆ, ಒಂದಡಿ ಆಚೆ ಈಚೆ ಆಗದ ಹಾಗೆ. ನಾಲ್ಕನೇ ದಿನ ಕಾಡಸಿದ್ದಪ್ಪ ನನ್ನನ್ನು ಕರೆದುಕೊಂಡು ಕಂಪನಿಯ ಶೆಡ್ಡಿಗೆ ಹೋದ. ಶ್ರೀರಂಗಯ್ಯ ಎದ್ದು ನಿಂತು ಕೈ ಮುಗಿದರು, ಕಾಫಿ ತರಿಸಿದರು.

"ನೀವು ತೋರಿಸದಿದ್ರೆ ನಾವು ದಾರಿ ಹುಡುಕೋಕೇ ಒಂದು ವರ್ಷ ಬೇಕಾಗಿತ್ತು," ಎಂದು ಮನಸಾರೆ ಹೇಳಿದರು. ಆ ಮನುಷ್ಯ ಕೆಟ್ಟವರಾಗಿದ್ದರೆ ಒಂದಷ್ಟು ಬೈದಾದರೂ ಬರಬಹುದಿತ್ತು. ಅದಕ್ಕೂ ಅವಕಾಶವಿಲ್ಲ. ಕಾಡಸಿದ್ದಪ್ಪ ಮಗಳ ಸ್ಕೂಲಿನ ವಿಷಯ ಹೇಳಿದ. ಅವರು ಬಹಳ ನೊಂದುಕೊಂಡರು. ಲಾರಿ ನಿಲ್ಲಿಸುವುದು ತಮ್ಮ ಕೈಯಲ್ಲಿಲ್ಲ, ಬಂಡೆ ತಿರುವಿನಲ್ಲಿ ಬಾವುಟ ಹಿಡಿಯುವ ಕೆಲಸ ಬೇಕಾದರೆ ಕೊಡಿಸುತ್ತೇನೆ ಎಂದರು. ಆ ತಿರುವಿನಲ್ಲಿ ಒಂದು ಕಡೆ ಬಂಡೆ, ಇನ್ನೊಂದು ಕಡೆ ಹೊಳೆಯ ಆಳ. ಲಾರಿ ಬಂದರೆ ಸೈಕಲ್ಲಿಗೆ ಜಾಗವೇ ಇಲ್ಲ. ಉಳಿದ ಕಡೆ ಹೇಗೋ ಪಕ್ಕಕ್ಕೆ ಇಳಿದು ನಿಲ್ಲಬಹುದು.

ಅರವತ್ತು ತೆಂಗಿನ ಮರದ ಒಡೆಯ ಕೆಂಪು ಬಾವುಟ ಹಿಡಿದು ನಿಂತ. ಊರವರು ನಕ್ಕರು. ದ್ರಾಕ್ಷಾಯಣಮ್ಮ ನಗಲಿಲ್ಲ. ಹತ್ತನೇ ಕ್ಲಾಸು ಮುಗಿಯುವವರೆಗೆ ಅಷ್ಟೇ ಎಂದು ಗಂಡ ಗೋಗರೆದದ್ದಕ್ಕೆ ಅವಳು ಮಾತು ಹಿಂತೆಗೆದುಕೊಂಡಿದ್ದಳು. ಬೇಸಿಗೆ ರಜೆ ಮುಗಿದು ಸ್ಕೂಲು ತೆರೆದ ಮೇಲೆ, ಬೆಳಿಗ್ಗೆ ಒಂಬತ್ತಕ್ಕೆ, ಸಾಯಂಕಾಲ ಐದಕ್ಕೆ ಅವನು ಎರಡೂ ಕಡೆ ಲಾರಿ ತಡೆದು ನಿಲ್ಲಿಸುತ್ತಿದ್ದ. ಶಿವರುದ್ರಮ್ಮ ಧೂಳಿನಲ್ಲಿ ತಲೆ ತಗ್ಗಿಸಿಕೊಂಡು ತಿರುವು ದಾಟುತ್ತಿದ್ದಳು. ಹಾರ್ನ್ ಕೇಳಿ ಚರಂಡಿಗೆ ಬಿದ್ದಿದ್ದವನು ಈಗ ಹತ್ತು ಹಾರ್ನ್ ಒಟ್ಟಿಗೆ ಕೂಗಿದರೂ ಕದಲುತ್ತಿರಲಿಲ್ಲ.

ಡ್ರೈವರುಗಳಿಗೆ ಟ್ರಿಪ್ಪಿನ ಲೆಕ್ಕ. ಒಬ್ಬ ಹುಡುಗಿಗೋಸ್ಕರ ಕಾಲು ಗಂಟೆ ಯಾರು ಕಾಯುತ್ತಾರೆ? ಮಳೆ ಹಿಡಿದು ದಾರಿ ಜಾರತೊಡಗಿದ ಮೇಲೆ ಜಗಳ ಹೆಚ್ಚಾಯಿತು. ಬಾವುಟಕ್ಕೆ ಯಾರೂ ಬಗ್ಗುವುದಿಲ್ಲ ಎಂದಾದಾಗ ಅವನು ಬಾವುಟ ಮಡಚಿ, ತಾನೇ ಲಾರಿಯ ಮುಂದೆ ಅಡ್ಡ ನಿಲ್ಲಲು ಶುರು ಮಾಡಿದ. ಒಂದು ಸಾಯಂಕಾಲ ಇಳಿಜಾರಿನಲ್ಲಿ ತುಂಬಿದ ಲಾರಿಯೊಂದು ಬ್ರೇಕ್ ಹಿಡಿದರೂ ಜಾರಿಕೊಂಡು ಬಂದು, ಅವನ ಎದೆಗೆ ಒಂದು ಗೇಣು ಇರುವಾಗ ನಿಂತಿತು. ಡ್ರೈವರ್ ಇಳಿದು ಬಂದು ಹೆದರಿಕೆಯಲ್ಲೇ ಕೆನ್ನೆಗೆ ಹೊಡೆದ. ಶಿವರುದ್ರಮ್ಮ ಸೈಕಲ್ ಹಿಡಿದುಕೊಂಡು ಅಲ್ಲೇ ನಿಂತಿದ್ದಳು.

ಮಾರನೇ ದಿನ ಅವಳು ಸ್ಕೂಲಿಗೆ ಹೊರಡಲಿಲ್ಲ. ಅಪ್ಪ ಬೇಡಿಕೊಂಡ. ಆಶ್ಚರ್ಯ ಎಂದರೆ ಅಮ್ಮನೂ ಹೋಗು ಎಂದಳು. ಒಂದು ವಾರ ನೋಡಿ ನಾನು ಬುದ್ಧಿ ಹೇಳಲು ಹೋದೆ. ಹುಡುಗಿ ನಡುಮನೆಯಲ್ಲಿ ಕೂತು ಅಟ್ಟದಿಂದ ಇಳಿಸಿದ ಕೊಬ್ಬರಿಯ ಕರಟ ಬಿಡಿಸುತ್ತಿದ್ದಳು.

"ಇದೊಂದು ವರ್ಷ ಕಣಮ್ಮ. ಎಸ್ಸೆಸ್ಸೆಲ್ಸಿ ಆಗೋಗುತ್ತೆ," ಎಂದೆ.

"ನಾನು ಓದ್ಬೇಕು ಅಂದ್ರೆ ಅಪ್ಪಯ್ಯ ದಿನಾ ಎರಡು ಸಲ ಲಾರಿ ಮುಂದೆ ನಿಲ್ಬೇಕು ಮೇಷ್ಟ್ರೇ," ಎಂದಳು, ಕೈಕೆಲಸ ನಿಲ್ಲಿಸದೆ. "ನಾನು ಹೋಗ್ದಿದ್ರೆ ನಿಲ್ಲಲ್ಲ."

ಕಾಡಸಿದ್ದಪ್ಪ ಜಗಲಿಯ ಮೇಲೆ ಕೂತು ಎಲ್ಲ ಕೇಳಿಸಿಕೊಂಡಿದ್ದ. ನಾನು ಹೊರಗೆ ಬಂದು ಪಕ್ಕದಲ್ಲಿ ಕೂತೆ. ಬೇರೆ ಏನಾದರೂ ಏರ್ಪಾಟು ಮಾಡೋಣ, ಯೋಚನೆ ಮಾಡು ಎಂದೆ. ಏನು ಏರ್ಪಾಟು ಎಂದು ನನಗೇ ಗೊತ್ತಿರಲಿಲ್ಲ.

"ಬೇರೆ ದಾರಿ ಇದ್ರೆ ನೀವೇ ಹೇಳಿ ಮೇಷ್ಟ್ರೇ," ಎಂದ. "ನಂಗೊತ್ತಿದ್ದಿದ್ದು ಅದೊಂದೇ. ಅದನ್ನೂ ನಾನೇ ಕೈಯಾರ ತೋರಿಸಿ ಬಂದೆ."