ಶಾವಿಗೆ ಒರಳಿನ ಜೆಲ್

ಬಿ.ಎಸ್ಸಿ ಮುಗಿಸಿ ಶಿಕಾರಿಪುರದ ಮನೆಗೆ ಬಂದಾಗ ನನ್ನ ತಲೆಯಲ್ಲಿ ಇದ್ದದ್ದು ಒಂದೇ, ಸಿಲಿಕಾ ಜೆಲ್. “ರಜೆ ಮುಗಿಯುವುದರೊಳಗೆ ಪುಡಿಯಾಗದ ಜೆಲ್ ಒಂದು ಪಾವು ಮಾಡಿ ತಾ, ನನ್ನ ಲ್ಯಾಬಿಗೆ ಸೇರಿಸಿಕೊಳ್ಳುತ್ತೇನೆ” ಎಂದಿದ್ದರು ಕಾಲೇಜಿನ ರಸಾಯನಶಾಸ್ತ್ರದ ಮೇಷ್ಟ್ರು. ಒಣಗಿದ ಜೆಲ್ಲಿನ ಒಳಗೆಲ್ಲ ಕಣ್ಣಿಗೆ ಕಾಣದ ತೂತು. ಅವುಗಳಲ್ಲಿ ಲೋಹದ ಕಣ ಕೂರಿಸಿದರೆ ಅದು ರಾಸಾಯನಿಕ ಕ್ರಿಯೆಯನ್ನು ಚುರುಕು ಮಾಡುತ್ತದೆ. ಜೆಲ್ ಬರೀ ಕೂರುವ ಮಣೆ.

ಗಿರಣಿಯಿಂದ ಭತ್ತದ ಹೊಟ್ಟಿನ ಬೂದಿ ತಂದು ಕಾಸ್ಟಿಕ್ ಸೋಡಾದಲ್ಲಿ ಕುದಿಸಿ ಸೋಸಿದೆ. ಅಕ್ಕಸಾಲಿಗರನ್ನು ಕಾಡಿ ತಂದ ಆಸಿಡ್ಡನ್ನು ಆ ಸೋಸಿದ ನೀರಿಗೆ ಹನಿಹನಿಯಾಗಿ ಬಿಟ್ಟರೆ ಹಾಲುಬಾಯಿಯ ಹಾಗೆ ಹೆಪ್ಪುಗಟ್ಟುತ್ತಿತ್ತು. ತೊಳೆದು ಮಾಳಿಗೆಯ ಬಿಸಿಲಿಗಿಟ್ಟರೆ ಸಂಜೆಯೊಳಗೆ ಬಿರುಕುಬಿಟ್ಟು ಪುಡಿ. ಮೊದಲೇ ನನಗೆ ಮೂಗಿನ ತುದಿಯಲ್ಲಿ ಕೋಪ. ನಾಲ್ಕನೆಯ ತಟ್ಟೆಯನ್ನು ಅಂಗಳಕ್ಕೆಸೆದೆ. ಐದನೆಯದನ್ನು ಹಸಿಯಾಗಿಯೇ ಡಬ್ಬಿಗೆ ತುಂಬಿಕೊಂಡು ಸೊರಬದ ಬಸ್ಸು ಹತ್ತಿದೆ. ಅಲ್ಲಿ ಸೋದರತ್ತೆಯ ಮನೆ. ಬಿಸಿಲೂ ಸ್ವಲ್ಪ ಮೆತ್ತಗೆ.

ಅತ್ತೆ ಡಬ್ಬಿಯೊಳಗೆ ಇಣುಕಿ ನಕ್ಕಳು. “ಸಂಡಿಗೆ ಒಣಗ್ಸಕ್ಕೆ ಬರದವ್ಳು ಸೈನ್ಸ್ ಓದ್ಯಾಳೆ! ಮೊದ್ಲ ದಿನ ನೆಳ್ಳಲ್ಲಿ ಒದ್ದೆ ಬಟ್ಟೆ ಮುಚ್ಚಿಡ್ಬೇಕು ಕಣೆ. ಬಿಸ್ಲು ಆಮೇಲೆ. ಗಟ್ಟಿ ಮುದ್ದೆ ಒಂದೇ ಸಮ ಒಣಗಲ್ಲ, ಎಳೆ ತೆಗಿ.” ಅಟ್ಟದಿಂದ ಮರದ ಶಾವಿಗೆ ಒರಳು ಇಳಿಸಿದಳು. ಅವಳ ಮದುವೆಗೆ ನಮ್ಮ ಅಜ್ಜಿ ಕೊಟ್ಟದ್ದು.

“ಇದು ತಿನ್ನೋದಲ್ಲ ಅತ್ತೆ. ಇದರಲ್ಲಿ ಒತ್ತಿದ್ಮೇಲೆ ಒರಳು ಅಡುಗೆಗೆ ಬರಲ್ಲ.”

ಒಂದು ಗಳಿಗೆ ಒರಳನ್ನು ಸವರಿದಳು. “ಹೋಗ್ಲಿ ಬಿಡೆ,” ಎಂದು ತಾನೇ ಒತ್ತಿಕೊಟ್ಟಳು. ಐದನೆಯ ದಿನ ಚಾಪೆಯ ಮೇಲೆ ಬಿಳಿ ಕಡ್ಡಿಗಳು, ಒಂದೂ ಒಡೆದಿರಲಿಲ್ಲ. ನಾನು ಕುಣಿದಾಡಿಬಿಟ್ಟೆ.

ಮೇಷ್ಟ್ರು ಕಡ್ಡಿಯೊಂದನ್ನು ಬೆಳಕಿಗೆ ಹಿಡಿದು, “ಯಾರ ಉಪಾಯ ಇದು?” ಎಂದು ಕೇಳಿದರು. ಅತ್ತೆಯ ಸಂಡಿಗೆಯ ಉಪಾಯ ಎಂದರೆ ನಗುತ್ತಾರೆಂದು ಹೆದರಿ “ನನ್ನದೇ ಸಾರ್” ಎಂದೆ. ಲ್ಯಾಬಿಗೆ ಸೇರಿಸಿಕೊಂಡರು.

ಸುದ್ದಿ ಹೇಳಲು ಸೊರಬಕ್ಕೆ ಹೋದಾಗ ಅತ್ತೆ ಜಗಲಿಯಲ್ಲಿ ಕೂತು ಹಿಟ್ಟನ್ನು ಬೆರಳಲ್ಲಿ ಹೊಸೆದು ಒಂದೊಂದೇ ಎಳೆ ಶಾವಿಗೆ ಮಾಡುತ್ತಿದ್ದಳು.

“ಒರಳಿಲ್ದಿದ್ರೆ ಬೆರಳಿಲ್ವೇನೆ?” ಎಂದಳು. ಆಮೇಲೆ ತಲೆಯೆತ್ತದೆ, “ನಿಮ್ ಮೇಷ್ಟ್ರಿಗೆ ಹೇಳ್ದ್ಯಾ, ನಮ್ಮತ್ತೆ ಕಲ್ಸಿದ್ದು ಅಂತ?”

“ಹೂಂ” ಎಂದೆ.

ಅವಳ ಮುಖ ಅರಳಿತು. ಮಧ್ಯಾಹ್ನ ಆ ಶಾವಿಗೆಯದೇ ಪಾಯಸ ಮಾಡಿ, ಬೇಡವೆಂದರೂ ಕೇಳದೆ ನನಗೆ ಎರಡು ಸಲ ಬಡಿಸಿದಳು.