ಮನೆದೇವರು ಯಾವುದು ಎಂದು ಕೇಳುವ ಡಾಕ್ಟರು

ಬಸವನಗುಡಿಯ ಕಾಲೇಜೊಂದರಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಸಂಸ್ಕೃತ ಪಾಠ ಮಾಡಿದವನು ನಾನು. ನಿವೃತ್ತಿಯಾದ ಮೇಲೆ ನನ್ನನ್ನು ಯಾರೂ ಏನನ್ನೂ ಕೇಳುತ್ತಿರಲಿಲ್ಲ. ಅದಕ್ಕೇ, ಆಸ್ಪತ್ರೆಯೊಂದರ ನೀತಿ ಸಮಿತಿಗೆ ಬರುತ್ತೀರಾ ಎಂದು ಫೋನ್ ಬಂದಾಗ ಮರುಮಾತಿಲ್ಲದೆ ಒಪ್ಪಿಕೊಂಡೆ. ಹೊಸ ಔಷಧಿಯನ್ನು ರೋಗಿಗಳ ಮೇಲೆ ಪ್ರಯೋಗಿಸುವ ಮುಂಚೆ, ಅದು ಸರಿಯೋ ತಪ್ಪೋ ಎಂದು ನೋಡಬೇಕಾದ ಸಮಿತಿ ಅದು. ಬರೀ ವೈದ್ಯರಿದ್ದರೆ ಸಾಲದು, ಹೊರಗಿನವರೂ ಇರಬೇಕಂತೆ.

"ಧರ್ಮ ಗೊತ್ತಿರೋರು ಒಬ್ರು ಬೇಕು ಸರ್. ನೀವು ಸುಮ್ನೆ ಬಂದು ಕೂತ್ರೆ ಸಾಕು," ಎಂದರು ಫೋನ್ ಮಾಡಿದ ಡಾಕ್ಟರು. ಆ ಮಾತಿನಲ್ಲಿದ್ದ ಅವಮಾನ ನನಗೆ ಆಗ ಹೊಳೆಯಲೇ ಇಲ್ಲ.

ಎರಡು ವರ್ಷ ಹೋಗಿ ಸುಮ್ಮನೆ ಕೂತೆ. ಇಟ್ಟಿಗೆ ದಪ್ಪದ ಫೈಲುಗಳು ಬರುತ್ತಿದ್ದವು, ಅವುಗಳ ಹಿಂದೆಯೇ ಬಿಸಿ ವಡೆ ಬರುತ್ತಿತ್ತು. ವಡೆ ಮುಗಿಯುವಷ್ಟರಲ್ಲಿ ಫೈಲೂ ಮುಗಿಯುತ್ತಿತ್ತು. ಫೋನ್ ಮಾಡಿದ್ದ ಆ ಡಾಕ್ಟರೇ ಸಮಿತಿಯ ಕಾರ್ಯದರ್ಶಿ. ಅವರದೇ ಪ್ರಯೋಗದ ಫೈಲು ಬಂದ ದಿನ ನಿಯಮದ ಪ್ರಕಾರ ಎದ್ದು ಹೊರಗೆ ಹೋದರು. ಬಾಗಿಲ ಗಾಜಿನಾಚೆ ಮೊಬೈಲು ನೋಡುತ್ತಾ ನಿಂತಿದ್ದವರು ಐದು ನಿಮಿಷದಲ್ಲಿ ಒಳಗೆ ಬಂದು ನಮಗೆಲ್ಲ ಥ್ಯಾಂಕ್ಸ್ ಹೇಳಿದರು. ಸಕ್ಕರೆ ಕಾಯಿಲೆಯವರ ಪಾದದ ಉರಿಗೆ ಹೊಸ ಮಾತ್ರೆ, ಅದರ ಪ್ರಯೋಗ. ರೋಗಿಗಳು ಸಹಿ ಹಾಕಬೇಕಾದ ಒಪ್ಪಿಗೆ ಪತ್ರದ ಕನ್ನಡ ಅನುವಾದ ನನ್ನ ಕೈಗೆ ಬಂದಿತ್ತು. ಯಾರಿಗೆ ಯಾವ ಮಾತ್ರೆ ಎಂದು ಚೀಟಿ ಎತ್ತಿದಂತೆ ಹಂಚುವುದಕ್ಕೆ ಅದರಲ್ಲಿ ಬಳಸಿದ್ದ 'ಯಾದೃಚ್ಛಿಕ' ಎಂಬ ಪದದ ಒತ್ತಕ್ಷರ ತಪ್ಪಾಗಿತ್ತು. ಕೆಂಪು ಪೆನ್ನಿನಲ್ಲಿ ತಿದ್ದಿದೆ. ಆ ಪದ ಯಾವ ರೋಗಿಗೆ ಅರ್ಥವಾದೀತು ಎಂದು ಒಂದು ಕ್ಷಣವೂ ಯೋಚಿಸಲಿಲ್ಲ. ನನ್ನ ಪಾಂಡಿತ್ಯಕ್ಕೆ ಎಲ್ಲರೂ ತಲೆದೂಗಿದರು, ನಾನು ಇನ್ನೊಂದು ವಡೆ ತೆಗೆದುಕೊಂಡೆ.

ನಾನಿರುವುದು ಚಾಮರಾಜಪೇಟೆಯಲ್ಲಿ. ನಮ್ಮ ಎದುರುಮನೆಯಲ್ಲಿ ಒಬ್ಬ ಹಿರಿಯ ಹೆಂಗಸಿದ್ದಾರೆ. ಪೇಟೆಯಲ್ಲಿ ತಲೆಮಾರುಗಳಿಂದ ಹಿತ್ತಾಳೆ ಪಾತ್ರೆ ವ್ಯಾಪಾರ ಮಾಡಿದ ಲಿಂಗಾಯತರ ಮನೆಯವರು, ಕೊರಳಲ್ಲಿ ಲಿಂಗ, ಹಣೆ ತುಂಬ ವಿಭೂತಿ. ಗಂಡ ಹೋದ ಮೇಲೆ ಹತ್ತು ವರ್ಷ ಅಂಗಡಿಯನ್ನು ತಾವೇ ನಡೆಸಿದವರು. ಗಿರಾಕಿಗಳ ಮುಂದೆ ಅವರ ಗಂಟಲು ಎಂದೂ ತಗ್ಗಿದ್ದಿಲ್ಲ. ಹೋದ ವರ್ಷ ಒಂದು ಬೆಳಿಗ್ಗೆ ಗೋಡೆ ಹಿಡಿದುಕೊಂಡು ನಮ್ಮ ಜಗುಲಿಗೆ ಬಂದು ಕೂತರು.

"ತಲೆ ಸುತ್ತತ್ತೆ ಮೇಷ್ಟ್ರೇ. ತಿಂದಿದ್ದು ನಿಲ್ತಿಲ್ಲ. ನನ್ ಭಕ್ತೀಲೇ ಏನೋ ಕೊರತೆ."

"ಭಕ್ತಿಗೂ ವಾಂತಿಗೂ ಏನಮ್ಮ ಸಂಬಂಧ?"

"ಡಾಕ್ಟ್ರು ಹೇಳವ್ರಲ್ಲ. ಪಾದದ ಉರಿಗೆ ಅಂತ ಆಸ್ಪತ್ರೆಗೆ ಹೋದಾಗ ಮೊದ್ಲು ಮನೆದೇವ್ರು ಯಾವುದು ಅಂತ ಕೇಳಿದ್ರು. ಶಿವ ಅಂದೆ. ಹಂಗಾದ್ರೆ ಅವನ ಪ್ರಸಾದ ಅಂತ ಈ ಮಾತ್ರೆ ತಗೊಳ್ಳಿ, ಕೊಡ್ತಿರೋದು ನಾನಲ್ಲ, ಅವ್ನೇ ಅಂದ್ರು. ನಂಬಿಕೆ ಇಟ್ಟು ತಗೊಂಡ್ರೆ ಗುಣ ಆಗತ್ತಂತೆ. ನಾನೂ ಸೋಮವಾರ ಉಪ್ವಾಸ ಜಾಸ್ತಿ ಮಾಡ್ದೆ."

ಸೆರಗಿನಲ್ಲಿ ಮಡಚಿಟ್ಟಿದ್ದ ಕಾಗದ ಕೊಟ್ಟರು. ಅದೇ ಒಪ್ಪಿಗೆ ಪತ್ರ. ನಾನು ತಿದ್ದಿದ ಒತ್ತಕ್ಷರ ಅಚ್ಚುಕಟ್ಟಾಗಿ ಮುದ್ರಣವಾಗಿತ್ತು, ಕೊನೆಯ ಪುಟದಲ್ಲಿ ಅವರ ಸಹಿ. ಓದಿದಿರಾ ಎಂದು ಕೇಳಿದೆ. "ಪ್ರಸಾದಕ್ಕೂ ಓದ್ಬೇಕಾ?" ಎಂದರು.

ಒಂದೊಂದೇ ಸಾಲು ಬಿಡಿಸಿ ಹೇಳಿದೆ. ಇದು ಇನ್ನೂ ಪರೀಕ್ಷೆಯಲ್ಲಿರುವ ಮಾತ್ರೆ. ಕೆಲವರಿಗೆ ಔಷಧಿ ಇರುವುದನ್ನು ಕೊಡುತ್ತಾರೆ, ಕೆಲವರಿಗೆ ಏನೂ ಇಲ್ಲದ್ದನ್ನು. ನಿಮ್ಮದು ಯಾವುದು ಎಂದು ಕೊಡುವ ಡಾಕ್ಟರಿಗೂ ಗೊತ್ತಿರುವುದಿಲ್ಲ. ತಲೆ ಸುತ್ತಬಹುದು, ವಾಂತಿಯಾಗಬಹುದು. ಬೇಡವೆಂದರೆ ಯಾವಾಗ ಬೇಕಾದರೂ ಬಿಡಬಹುದು.

ಅವರು ಕಾಗದ ವಾಪಸ್ಸು ತೆಗೆದುಕೊಂಡು ಮಡಚಿದರು. ಆಮೇಲೆ ನನ್ನನ್ನೇ ನೋಡಿ, "ನೀವೂ ಆ ಆಸ್ಪತ್ರೆ ಮೀಟಿಂಗಿಗೆ ಹೋಗ್ತೀರಲ್ಲ ಮೇಷ್ಟ್ರೇ? ಅಲ್ಲೇನ್ ಮಾಡ್ತೀರಿ?" ಎಂದರು.

ನಾಚಿಕೆಯಿಂದ ನನ್ನ ಕಿವಿ ಬಿಸಿಯಾಯಿತು. ಮರುದಿನ ಇಬ್ಬರೂ ಆಟೋದಲ್ಲಿ ಆಸ್ಪತ್ರೆಗೆ ಹೋದೆವು. ನಮ್ಮ ಕಾರ್ಯದರ್ಶಿ ಡಾಕ್ಟರ ಮೇಜಿನ ಮೇಲೆ ಶಿವ, ವೆಂಕಟರಮಣ, ಏಸು, ಕಾಬಾದ ಒಂದು ಚಿಕ್ಕ ಚಿತ್ರ, ಎಲ್ಲವೂ ಇದ್ದವು. ಯಾರು ಒಳಗೆ ಬಂದರೂ ಅವರವರ ದೇವರು ಸಿದ್ಧ. ಆ ಮನುಷ್ಯನಿಗೆ ಇವರಲ್ಲಿ ಯಾರ ಮೇಲೂ ಭಕ್ತಿಯಿತ್ತೆಂದು ನನಗೆ ಅನ್ನಿಸಲಿಲ್ಲ. ನಂಬುವುದು ಅವರ ಕೆಲಸವಾಗಿರಲಿಲ್ಲ, ಇನ್ನೊಬ್ಬರ ನಂಬಿಕೆಯನ್ನು ಹುಡುಕಿ ಅದರ ಮೂಗುದಾರ ಹಿಡಿಯುವುದಷ್ಟೇ ಕೆಲಸ.

"ಬನ್ನಿ ಅಮ್ಮ, ಶಿವ ಹೇಗಿಟ್ಟಿದಾನೆ?" ಎಂದು ನಕ್ಕರು.

"ಶಿವನ ವಿಷ್ಯ ನಾನು ನೋಡ್ಕೋತೀನಿ ಡಾಕ್ಟ್ರೇ," ಎಂದರು ನಮ್ಮ ಎದುರುಮನೆಯವರು, ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಕೂತ ದನಿಯಲ್ಲಿ. "ನೀವು ಮಾತ್ರೆ ವಿಷ್ಯ ಹೇಳಿ. ಇದ್ರಲ್ಲಿ ಏನಿದೆ? ನಿಮ್ಗೇ ಗೊತ್ತಿಲ್ಲಾಂದ್ಮೇಲೆ ಅವನ ಹೆಸರು ಯಾಕ್ ಹೇಳಿದ್ರಿ?"

ಡಾಕ್ಟರು ನನ್ನ ಕಡೆ ತಿರುಗಿದರು. "ಸರ್, ಇವರ ನಂಬಿಕೆಗೆ ನಾವು ಗೌರವ ಕೊಟ್ಟಿದೀವಿ. ದೇವರು ಅಂದ್ರೆ ಡೋಸ್ ತಪ್ಸಲ್ಲ ಇವರೆಲ್ಲ. ಧರ್ಮ ಗೊತ್ತಿರೋರು ನೀವೇ ಇವರನ್ನ ಹೀಗೆ ಕರ್ಕೊಂಡ್ ಬಂದ್ರೆ ಹೇಗೆ?"

"ಗೌರವ ಅನ್ನೋ ಪದಾನ ಬಿಟ್ಬಿಡಿ," ಎಂದೆ. "ತಲೆ ಸುತ್ತತ್ತೆ ಅಂತ ಇವರು ಹೋದ ಸಲಾನೇ ಹೇಳಿದ್ರಂತಲ್ಲ, ಬರ್ಕೊಂಡ್ರಾ?"

ಬರೆದುಕೊಂಡಿರಲಿಲ್ಲ. ನಂಬಿಕೆ ಗಟ್ಟಿ ಮಾಡಿಕೊಳ್ಳಿ ಎಂದು ಹೇಳಿ ಕಳಿಸಿದ್ದರು. ಈಕೆ ಅಲ್ಲೇ ನಿಂತು, ನಾನು ಬಿಡುತ್ತಿದ್ದೇನೆ ಎಂದು ಕಾಗದದ ಮೇಲೆ ಬರೆಸಿ ಸಹಿ ಹಾಕಿದರು. ಈ ಸಲ ಪೂರ್ತಿ ಓದಿಸಿಕೊಂಡೇ ಹಾಕಿದರು.

ಮುಂದಿನ ಸಭೆಯಲ್ಲಿ ನಾನು ಮೊದಲ ಬಾರಿಗೆ ಬಾಯಿಬಿಟ್ಟೆ. ದೇವರ ಹೆಸರಿನಲ್ಲಿ ಪಡೆದ ಒಪ್ಪಿಗೆ ಒಪ್ಪಿಗೆಯೇ ಅಲ್ಲ, ಎಲ್ಲ ರೋಗಿಗಳನ್ನೂ ಕರೆಸಿ ಮತ್ತೆ ಕೇಳಬೇಕು, ಈ ಪತ್ರವನ್ನು ಒಪ್ಪಿದ ನಾವೆಲ್ಲ ತಪ್ಪಿತಸ್ಥರು, ನಾನಂತೂ ಮೊದಲನೆಯವನು ಎಂದೆ. ಅಧ್ಯಕ್ಷರು ಕನ್ನಡಕ ಒರೆಸಿಕೊಂಡರು. ಸಮಿತಿಯ ವಕೀಲರು ವಡೆಗೆ ಚಟ್ನಿ ಹಾಕಿಕೊಂಡರು. ಒಬ್ಬ ಹೆಸರಾಂತ ಸರ್ಜನ್, "ಭಾವನಾತ್ಮಕ ವಿಷಯ ಇದು, ಮುಟ್ಟದೇ ಇರೋದು ಒಳ್ಳೇದು," ಎಂದರು. ಯಾರ ಭಾವನೆ ಎಂದು ನಾನು ಕೇಳುವಷ್ಟರಲ್ಲಿ ಅಧ್ಯಕ್ಷರು ಮುಂದಿನ ಫೈಲು ತೆಗೆದರು. ಸಭೆಯ ನಡಾವಳಿಯಲ್ಲಿ ನನ್ನ ಅರ್ಧ ಗಂಟೆಯ ಮಾತು ಒಂದು ಸಾಲಾಯಿತು: ಹಿರಿಯ ಸದಸ್ಯರು ಧಾರ್ಮಿಕ ದೃಷ್ಟಿಕೋನವನ್ನು ಮಂಡಿಸಿದರು.

ಆ ಸಾಲನ್ನೂ ಒಪ್ಪಿಗೆ ಪತ್ರವನ್ನೂ ಲಗತ್ತಿಸಿ ಔಷಧಿ ಪ್ರಯೋಗಗಳ ಮೇಲ್ವಿಚಾರಣೆ ಮಾಡುವ ಸರ್ಕಾರಿ ಕಚೇರಿಗೆ ದೂರು ಬರೆದೆ, ರಾಜೀನಾಮೆಯನ್ನೂ ಕೊಟ್ಟೆ. ತಿಂಗಳುಗಳ ಮೇಲೆ ವಿಚಾರಣೆ ನಡೆಯಿತು. ಉಳಿದ ರೋಗಿಗಳನ್ನು ಕರೆಸಿ, ಸಾಕ್ಷಿಯ ಎದುರಿಗೆ, ಸರಳ ಕನ್ನಡದಲ್ಲಿ ಮತ್ತೆ ಓದಿ ಹೇಳಿದರಂತೆ. ಕೆಲವರು ಬಿಟ್ಟರು, ಕೆಲವರು ತಿಳಿದೂ ಮುಂದುವರಿದರು. ಅದು ಅವರ ಹಕ್ಕು. ಡಾಕ್ಟರಿಗೆ ಒಂದು ಎಚ್ಚರಿಕೆಯ ಪತ್ರ ಹೋಯಿತು. ಅವರು ಈಗಲೂ ಅದೇ ಕುರ್ಚಿಯಲ್ಲಿದ್ದಾರೆ. ನನ್ನ ಜಾಗಕ್ಕೆ ಪ್ರವಚನ ಮಾಡುವ ಒಬ್ಬರನ್ನು ಹಾಕಿಕೊಂಡರೆಂದು ಕೇಳಿದೆ. ಅವರು ಒಳ್ಳೆಯ ಮಾತುಗಾರರಂತೆ, ಸಭೆಯಲ್ಲಿ ಮಾತ್ರ ಮಾತಾಡುವುದಿಲ್ಲವಂತೆ.

ಎದುರುಮನೆಯವರ ತಲೆಸುತ್ತು ಎರಡು ವಾರದಲ್ಲಿ ನಿಂತಿತು. ಆ ಮಾತ್ರೆಯಿಂದ ತಗ್ಗಿದ್ದ ಪಾದದ ಉರಿ ಮಾತ್ರ ಮರಳಿತು. ಬಹುಶಃ ಅವರಿಗೆ ಸಿಕ್ಕಿದ್ದು ಔಷಧಿ ಇದ್ದ ಮಾತ್ರೆಯೇ ಇರಬೇಕು. ಈಗ ಬೇರೆ ಡಾಕ್ಟರಿಗೆ ತೋರಿಸುತ್ತಾರೆ. ವಯಸ್ಸಿನಲ್ಲಿ ಚಿಕ್ಕವಳು, ದೇವರ ಸುದ್ದಿ ಎತ್ತುವುದಿಲ್ಲ, ಯಾವ ಮಾತ್ರೆ ಯಾತಕ್ಕೆ ಎಂದು ದಪ್ಪ ಕನ್ನಡ ಅಕ್ಷರದಲ್ಲಿ ಬರೆದುಕೊಡುತ್ತಾಳೆ. ಉರಿ ಪೂರ್ತಿ ಹೋಗಿಲ್ಲ. ಆದರೂ ಹೋದ ವಾರ ಮಾರ್ಕೆಟ್ಟಿನವರೆಗೂ ನಡೆದು ಹೋಗಿ, ಹೂವಿನವಳ ಹತ್ತಿರ ಜಗಳವಾಡಿ ಬಂದರು.