ದಾನದ ಹರಿವಾಣದಲ್ಲಿದ್ದ ಕಥೆಪುಸ್ತಕ

ಮಿತ್ರರೇ, ಇಂದು ನನ್ನ ಪತ್ನಿಯ ವೈಕುಂಠ ಸಮಾರಾಧನೆಗೆಂದು ಶಿರಸಿಯ ನಮ್ಮ ಮನೆಗೆ ಬಂದ ನಿಮಗೆಲ್ಲ ಕೃತಜ್ಞನಾಗಿದ್ದೇನೆ. ನಿಮ್ಮ ಅನುಕಂಪವನ್ನು ಮಾತ್ರ ಸ್ವೀಕರಿಸಲಾರೆ. ಬೇಗ ಹೊರಟವರಿಗಾಗಿ ನಡೆದದ್ದನ್ನು ಬರೆಯುತ್ತೇನೆ.

ತೀರಿಕೊಂಡವಳ ವಸ್ತುಗಳನ್ನು ದಾನ ಕೊಡುವಾಗ ಕಿರವತ್ತಿಯ ನನ್ನ ಅಕ್ಕ, ಹರಿವಾಣದಲ್ಲಿ ಸೀರೆಯ ಜೊತೆ ಚಿತ್ರಗಳಿದ್ದ ಒಂದು ಕಥೆಪುಸ್ತಕವನ್ನೂ ಇಟ್ಟಳು. ನಾಲ್ಕು ವರ್ಷದ ನನ್ನ ಮಗಳು ಗಂಗೆಗೆ ಹುಟ್ಟಿನಿಂದ ಮಾತಿಲ್ಲ, ನಡಿಗೆಯಿಲ್ಲ. ತಾಯಿ ಅವಳಿಗೆ ದಿನವೂ ಓದಿ ಹೇಳುತ್ತಿದ್ದುದು ಅದೇ ಪುಸ್ತಕವನ್ನು.

“ಮಾತೇ ಬರದ ಕೂಸಿಗೆ ಕಥೆ ಎಂತಕ್ಕೆ ತಮ್ಮಾ? ಆನು ಕರ್ಕಂಡು ಹೋಗ್ತೆ. ಯಂಗಳ ಮನೇಲಿ ಉಂಡ್ಕಂಡು ಒಂದು ಮೂಲೇಲಿ ಇರ್ತು” ಎಂದು ಅಕ್ಕ, ಗಂಗೆಯನ್ನು ತಾನೇ ಕಿರವತ್ತಿಗೆ ಕರೆದೊಯ್ಯುವ ಮಾತಾಡಿದಳು.

ಕಾಲೇಜಿನಲ್ಲಿ ಚರ್ಚಾಪಟುವಾಗಿದ್ದ ನನಗೆ ಪ್ರಮಾಣವಿಲ್ಲದೆ ವಾದಿಸುವ ಅಭ್ಯಾಸವಿಲ್ಲ. ಪುಸ್ತಕ ತೆಗೆದುಕೊಂಡು, ಗಂಗೆಯನ್ನು ತೊಡೆಯ ಮೇಲೆ ಕೂರಿಸಿ ಓದತೊಡಗಿದೆ. ದಾನ ಸ್ವೀಕರಿಸಲು ಪುರೋಹಿತ ಭಟ್ಟರು ಕಾಯುತ್ತಿದ್ದುದರಿಂದ ನರಿಯ ಪುಟವನ್ನು ಹಾರಿಸಿದೆ. ಮಗಳು ನನ್ನ ಕೈಗೆ ಹೊಡೆದು ಪುಟವನ್ನು ಹಿಂದಕ್ಕೆ ತಿರುಗಿಸಿದಳು. ಪರೀಕ್ಷಿಸಲೆಂದು ಆಮೆಯ ಪುಟವನ್ನೂ ಬಿಟ್ಟೆ. ಈ ಸಲ ಜೋರಾಗಿಯೇ ಹೊಡೆದಳು.

“ಹಠ ಜಾಸ್ತಿ ಆಯ್ದು ಇದಕ್ಕೆ” ಎಂದಳು ಅಕ್ಕ.

“ಹಠ ಅಲ್ಲ ಅಕ್ಕಯ್ಯಾ, ಕೂಸಿಗೆ ಕಥೆ ಪೂರಾ ಗೊತ್ತಿದ್ದು” ಎಂದ ಭಟ್ಟರು ಸೀರೆಯನ್ನಷ್ಟೇ ಎತ್ತಿಕೊಂಡರು.

ಗಂಗೆಯಷ್ಟು ಚುಟುಕಾಗಿ ನನ್ನನ್ನು ಖಂಡಿಸಿದ ಪ್ರತಿವಾದಿ ಕಾಲೇಜಿನಲ್ಲೂ ಇರಲಿಲ್ಲ.

ಯಾರನ್ನೂ ಕೇಳದೆ ನಿರ್ಧರಿಸಿದ್ದೇನೆ: ಗಂಗೆ ಎಲ್ಲಿಗೂ ಹೋಗುವುದಿಲ್ಲ. ದಿನವೂ ದೀಪ ಹಚ್ಚಿದ ಮೇಲೆ ನಾನೇ ಅವಳಿಗೆ ಓದುತ್ತೇನೆ. ಆ ಹೊತ್ತಿಗೆ ಸಾಂತ್ವನ ಹೇಳಲು ಬಂದವರು ಕುಳಿತು ಕಥೆ ಕೇಳಬಹುದು, ನಡುವೆ ಮಾತಾಡುವಂತಿಲ್ಲ.